ಹೂಂ ಕತ್ತರಿಸಿದವರು

ಕಥೆ ಕೇಳುವವರು ಹೂಂ ಅನ್ನಬೇಕು. ಇದು ನಾನು ಮಾಡಿದ ಕಾನೂನಲ್ಲ. ನಮ್ಮಜ್ಜಿ ಕಥೆ ಹೇಳುವಾಗ ನಾವು ಒಂದು ಮಾತಿಗೆ ಹೂಂ ಅನ್ನದಿದ್ದರೂ ಅಲ್ಲಿಗೇ ನಿಲ್ಲಿಸಿ, ಗೋಡೆ ಕಡೆ ತಿರುಗಿ ಮಲಗಿಬಿಡುತ್ತಿದ್ದಳು. ಹೂಂ ಬಂದರೆ ಮುಂದಿನ ಮಾತು. ಬರಲಿಲ್ಲವೆಂದರೆ ಕೇಳುವವರು ನಿದ್ದೆ ಹೋಗಿದ್ದಾರೆ, ಇಲ್ಲವೇ ಅರ್ಥವಾಗಿಲ್ಲ. ಇಬ್ಬರು ಹೆಂಗಸರು ಒಂದೇ ಒರಳಿಗೆ ಒನಕೆ ಹಾಕುತ್ತಾರಲ್ಲ, ಹಾಗೆ. ಎದುರಿನವಳ ಒನಕೆ ಎದ್ದ ಮೇಲೇ ನನ್ನದು ಬೀಳಬೇಕು.

ಓದಿದವರ ತಲೆಗೆ ಇಷ್ಟನ್ನು ಹತ್ತಿಸಲು ನನ್ನಿಂದ ಆಗಲಿಲ್ಲ. ಆ ಸಿಟ್ಟು ಇನ್ನೂ ಇಳಿದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು. ಒತ್ತಕ್ಷರ ತಪ್ಪಿದ್ದರೆ ತಿದ್ದಿಕೊಂಡು ಓದಿ.

ಲಗ್ಗೆರೆಯಲ್ಲಿ ಒಂದು ಟ್ರಸ್ಟಿನವರ ಶಾಲೆ ಇತ್ತು. ಪೀಣ್ಯದ ಫ್ಯಾಕ್ಟರಿಗಳಿಗೆ ಹೋಗುವವರ ಮಕ್ಕಳೇ ಜಾಸ್ತಿ. ನಾನು ಅಲ್ಲಿ ಆಯಾ. ಗುಡಿಸುವುದು, ಒರೆಸುವುದು, ಗಂಟೆ ಹೊಡೆಯುವುದು, ಚಡ್ಡಿ ಒದ್ದೆ ಮಾಡಿಕೊಂಡವರನ್ನು ತೊಳೆಯುವುದು. ಮಧ್ಯಾಹ್ನ ಊಟವಾದ ಮೇಲೆ ಅರ್ಧ ಗಂಟೆ ಬಿಡುವು. ಆಗ ಜಗಲಿಯಲ್ಲಿ ಕಂಬಕ್ಕೆ ಒರಗಿ ಕೂತು ಮಕ್ಕಳಿಗೆ ಕಥೆ ಹೇಳುತ್ತಿದ್ದೆ. ಹೇಳು ಎಂದು ಯಾರೂ ಅಂದಿರಲಿಲ್ಲ, ಬೇಡ ಎಂದೂ ಅಂದಿರಲಿಲ್ಲ. ಅಡುಗೆಯವಳು ಮಾತ್ರ ಪಾತ್ರೆ ಉಜ್ಜುತ್ತಾ ರೇಗಿಸುತ್ತಿದ್ದಳು.

"ಹಗಲೊತ್ತು ಕಥೆ ಹೇಳ್ಬೇಡಕ್ಕಾ, ಸೋದರಮಾವ ದಾರಿ ತಪ್ತಾನಂತೆ."

"ನಮ್ಮ ಸೋದರಮಾವ ಹೆಂಡದಂಗಡಿ ದಾರಿ ಬಿಟ್ಟು ಬೇರೆ ದಾರಿ ಹಿಡಿದೋನಲ್ಲ. ತಪ್ಲಿ ಬಿಡೇ, ಒಳ್ಳೇದಾಯ್ತದೆ."

ಆ ಅರ್ಧ ಗಂಟೆ ಬಿಟ್ಟರೆ ಆ ಶಾಲೆಯಲ್ಲಿ ನಾನೂ ಒಂದು ಪೊರಕೆ. ಮೂಲೆಗೆ ಆನಿಸಿಟ್ಟರೆ ಯಾರೂ ತಿರುಗಿ ನೋಡುತ್ತಿರಲಿಲ್ಲ.

ರಾಜಾಜಿನಗರದ ಕಡೆ ಮೆಟ್ರೋ ಕಂಬಗಳು ಏಳುತ್ತಿದ್ದ ಕಾಲ ಅದು. ಯಾರೋ ದಾನಿಗಳು ಮಕ್ಕಳಿಗೆಂದು ಲ್ಯಾಪ್‌ಟಾಪ್ ಕೊಟ್ಟರು. ಆಟದ ಸಾಮಾನಿನಂಥ ಪುಟ್ಟ ಪುಟ್ಟ ಬಣ್ಣದ ಪೆಟ್ಟಿಗೆಗಳು. ಅದರೊಳಗೇ ಒಂದು ಲೈಬ್ರರಿ ಇದೆ ಎಂದರು. ಇಂಗ್ಲಿಷಿನದು ಬೇಕಾದಷ್ಟು ತುಂಬಿತ್ತಂತೆ, ಕನ್ನಡದ ಜಾಗ ಮಾತ್ರ ಖಾಲಿ. ಅದನ್ನು ತುಂಬಿಸಲು ಗಡ್ಡ ಬಿಟ್ಟ ಒಬ್ಬ ಹುಡುಗ ಬೆನ್ನಿಗೆ ಬ್ಯಾಗು ಹಾಕಿಕೊಂಡು ಬಂದ. ನಾನು ಜಗಲಿಯಲ್ಲಿ ಹೇಳುತ್ತಿದ್ದುದನ್ನು ನಿಂತು ಕೇಳಿದ. "ಅಜ್ಜಿ, ನಿಮ್ಮ ಕಥೆ ಲೈಬ್ರರಿಗೆ ಹಾಕೋಣ. ಎಲ್ಲಾ ಮಕ್ಕಳೂ ಕೇಳ್ತಾರೆ" ಎಂದ. ನನಗೂ ಆಸೆಯಾಯಿತು, ಸುಳ್ಳು ಯಾಕೆ ಹೇಳಲಿ.

ಅವನು ಕರೆದುಕೊಂಡು ಹೋದದ್ದು ರಾಜಾಜಿನಗರದಲ್ಲಿ ಒಂದು ಅಂಗಡಿಯ ಮಹಡಿ ಮೇಲಿನ ಕೋಣೆಗೆ. ಗೋಡೆಗೆಲ್ಲ ಸ್ಪಂಜು ಬಡಿದಿದ್ದರು. ಕಿಟಕಿ ಮುಚ್ಚಿ, ಫ್ಯಾನು ನಿಲ್ಲಿಸಿ, ಒಂದು ಮೈಕನ್ನು ನನ್ನ ಮೂತಿಗೆ ಹಿಡಿದು ಹೇಳಿ ಎಂದ. ನಾನು ನರಿಯ ಕಥೆ ಶುರು ಮಾಡಿದೆ.

"ಒಂದೂರಲ್ಲಿ ಒಂದು ನರಿ ಇತ್ತು."

ಅಷ್ಟು ಹೇಳಿ ಸುಮ್ಮನೆ ಕೂತೆ. ಅವನೂ ಸುಮ್ಮನೆ ಕೂತ.

"ಮುಂದೆ ಹೇಳಿ ಅಜ್ಜಿ."

"ನೀನು ಹೂಂ ಅನ್ನು."

"ನಾನು ಅಂದ್ರೆ ಅದೂ ರೆಕಾರ್ಡ್ ಆಗ್ಬಿಡತ್ತೆ."

"ಆಗ್ಲಿ."

"ಅದು ನಾಯ್ಸ್ ಅಜ್ಜಿ. ನೀವು ಹೇಳಿ, ನಾನು ತಲೆ ಆಡಿಸ್ತಾ ಇರ್ತೀನಿ."

"ತಲೆ ಆಡ್ಸೋಕೆ ನೀನೇನು ಕೋಲೆ ಬಸವನೇನಪ್ಪ? ಬಾಯಿ ಬಿಡು."

ಕೊನೆಗೆ ಆಗದೆ, ಇನ್ನೊಂದು ದಿನ ಶಾಲೆಯ ಕೆಲವು ಮಕ್ಕಳನ್ನು ಜೊತೆಗೆ ಕರೆಸಿದ. ಆಗ ಕಥೆ ಸರಾಗವಾಗಿ ಬಂತು. ನರಿ ಅಳಿಯನ ವೇಷ ಹಾಕಿಕೊಂಡು, ಒಬ್ಬಟ್ಟಿನ ಆಸೆಗೆ ಅತ್ತೆ ಮನೆಗೆ ಬರುತ್ತದೆ. ಅಲ್ಲಿ ನಾನು ಕೇಳುತ್ತೇನೆ, "ಬಾಲ ಎಲ್ಲಿಟ್ಕೊಂತು?" ಮಕ್ಕಳು ಕೂಗಬೇಕು, "ಪಂಚೆಯೊಳಗೆ!" ಅಳಿಯ ಬಂದ ಎಂದು ಅತ್ತೆ ಎಣ್ಣೆಸ್ನಾನಕ್ಕೆ ಕರೆದಾಗ ನರಿ ಯಾಕೆ ಹೆದರಿ ಓಡಿತು ಎಂಬುದೆಲ್ಲ ಆ ಒಂದು ಮಾತಿನ ಮೇಲೆ ನಿಂತಿದೆ. ಆ ಮಾತು ನನ್ನದಲ್ಲ, ಮಕ್ಕಳದು. ಮಕ್ಕಳ ದನಿ ಹಾಗೇ ಇರಲಿ ಎಂದೆ. "ಇರತ್ತೆ ಅಜ್ಜಿ" ಎಂದ. ತಲೆಯನ್ನೂ ಆಡಿಸಿದ.

ಆ ವಾರವೇ ಹೆಡ್ ಮಿಸ್ ನನ್ನನ್ನು ಕರೆದರು.

"ಆಯಮ್ಮ, ಇನ್ಮೇಲೆ ಊಟ ಆದ್ಮೇಲೆ ಲ್ಯಾಪ್‌ಟಾಪ್ ಪೀರಿಯಡ್. ಹೇಗಿದ್ರೂ ನಿಮ್ಮ ಕಥೆ ಅದ್ರಲ್ಲೇ ಇರತ್ತಲ್ಲ. ನೀವು ಆ ಹೊತ್ತಲ್ಲಿ ಹಿಂದಿನ ಕೋಣೆ ಗುಡಿಸಿಬಿಡಿ."

ಒಡವೆಯನ್ನು ನೋಡಿ ಕೊಡುತ್ತೇನೆ ಎಂದು ಇಸಿದುಕೊಂಡು, ಇನ್ನು ನೀನು ಹಾಕಿಕೊಳ್ಳಬೇಡ ಎಂದ ಹಾಗಾಯಿತು.

ಮೊದಲ ದಿನ ಮಕ್ಕಳೆಲ್ಲ ಪೆಟ್ಟಿಗೆ ತೆರೆದು ನನ್ನ ಕಥೆಯ ಮೇಲೆ ಒತ್ತಿದರು. ನನ್ನ ದನಿ ಬರಲಿಲ್ಲ. ತೆರೆಯ ಮೇಲೆ ಇಂಗ್ಲಿಷಿನಲ್ಲಿ ಏನೋ ಎರಡು ಸಾಲು ಬಂತು, ಅಷ್ಟೇ. ಫೋನು ಮಾಡಿ ಗಡ್ಡದವನನ್ನು ಕರೆಸಿದರು. ಅವನು ಒಂದೊಂದಾಗಿ ಎಲ್ಲವನ್ನೂ ತೆರೆದು ನೋಡಿ ಕತ್ತು ಕೆರೆದುಕೊಂಡ.

"ಫಾರ್ಮ್ಯಾಟ್ ಬೇರೆ ಆಗ್ಬಿಟ್ಟಿದೆ ಅಜ್ಜಿ. ನಾನು ಕೊಟ್ಟಿದ್ದು ಎಂಪಿತ್ರೀ. ಈ ಲ್ಯಾಪ್‌ಟಾಪ್‌ಗೆ ಅದು ಆಗಲ್ಲ, ಬೇರೆ ಥರದ ಫೈಲ್ ಬೇಕು. ಈಗ ನಿಮ್ಮ ಸೀಮೆಎಣ್ಣೆ ಸ್ಟೌಗೆ ಪೆಟ್ರೋಲ್ ಹಾಕಿದ್ರೆ ಆಗತ್ತಾ?"

"ಆಗಕಿಲ್ಲ. ಅದಕ್ಕೇ ನಾನು ಹಾಕೋಕ್ ಮುಂಚೆ ಮೂಸಿ ನೋಡ್ತೀನಿ. ನೀನು ನೋಡ್ಲಿಲ್ವಾ?"

ಬದಲಾಯಿಸಿ ತರುತ್ತೇನೆಂದು ಹೋದವನು ಹೋದ. ವಾರ ಕಳೆಯಿತು, ಮತ್ತೊಂದು ಕಳೆಯಿತು. ಮಕ್ಕಳು ಊಟ ಮಾಡಿ ಬಂದು ಇಂಗ್ಲಿಷ್ ಲೈಬ್ರರಿಯಲ್ಲಿದ್ದ ಹಿಮದ ಕರಡಿಯನ್ನು ನೋಡುತ್ತಾ ಕೂತಿರುತ್ತಿದ್ದರು. ಕರಡಿ ಏನು ಮಾಡುತ್ತಿದೆ ಎಂದು ಓದಲು ಅವರಿಗೆ ಬರುತ್ತಿರಲಿಲ್ಲ. ನಾನು ಹೆಡ್ ಮಿಸ್ ಹತ್ತಿರ ಹೋಗಿ, ಅವನು ಬರುವವರೆಗಾದರೂ ನಾನೇ ಹೇಳಲೇ ಎಂದು ಕೇಳಿದೆ.

"ಬೇಡ ಆಯಮ್ಮ. ದಾನಿಗಳ ಕಡೆಯೋರು ಯಾವಾಗ ಬೇಕಾದ್ರೂ ಫೋಟೋ ತೆಗೆಯೋಕೆ ಬರ್ತಾರೆ. ಮಕ್ಕಳು ಲ್ಯಾಪ್‌ಟಾಪ್ ಮುಂದೇನೇ ಇರ್ಬೇಕು."

ಮೂಕ ಪೆಟ್ಟಿಗೆಯ ಮುಂದೆ ಮಕ್ಕಳು, ಬಾಯಿದ್ದವಳು ಹಿಂದಿನ ಕೋಣೆಯಲ್ಲಿ. ಅಷ್ಟು ದಿನವೂ ನಾನು ಗುಡಿಸಿದ್ದನ್ನೇ ಮತ್ತೆ ಗುಡಿಸಿದೆ. ಧೂಳಿಗೂ ಬೇಜಾರಾಗಿರಬೇಕು.

ಕೊನೆಗೆ ಅವನು ಬಂದ. ಈ ಸಲ ದನಿ ಬಂತು. ನಾನು ಪೊರಕೆ ಹಿಡಿದುಕೊಂಡೇ ಬಾಗಿಲಲ್ಲಿ ನಿಂತು ಕೇಳಿದೆ. ಲೋಟದೊಳಗೆ ಬಾಯಿಟ್ಟು ಮಾತಾಡಿದ ಹಾಗಿತ್ತು. ಅದು ಹೋಗಲಿ. ಹೂಂ ಒಂದೂ ಇರಲಿಲ್ಲ. ಹೂಂ ಇದ್ದ ಜಾಗವೂ ಇರಲಿಲ್ಲ. ನಾನು ಉಸಿರು ತೆಗೆದುಕೊಳ್ಳದೆ, ಸಾಲ ವಸೂಲಿಗೆ ಬಂದವನನ್ನು ಕಂಡವಳ ಹಾಗೆ ಓಡುತ್ತಿದ್ದೆ. ಕೂತಿದ್ದ ಮಕ್ಕಳು ಅಭ್ಯಾಸಬಲದಿಂದ ಹೂಂ ಅನ್ನುತ್ತಿದ್ದರು. ಅವರ ಹೂಂ ಮುಗಿಯುವುದರೊಳಗೆ ಪೆಟ್ಟಿಗೆ ಎರಡು ಮಾತು ಮುಂದೆ ಹೋಗಿರುತ್ತಿತ್ತು. "ಬಾಲ ಎಲ್ಲಿಟ್ಕೊಂತು?" ಎಂದಿತು. ಮಕ್ಕಳು ಬಾಯಿ ತೆರೆಯುವಷ್ಟರಲ್ಲಿ ಅತ್ತೆ ಒಬ್ಬಟ್ಟು ಬಡಿಸಿ ಆಗಿತ್ತು.

ಬಾಗಲಕೋಟೆ ಕಡೆಯ ಒಂದು ಹುಡುಗಿ ಪೆಟ್ಟಿಗೆಯನ್ನು ಬಿಟ್ಟು ನನ್ನ ಕಡೆ ತಿರುಗಿತು.

"ಅಜ್ಜಿ, ಇದ್ರಾಗ ಯಾಕ್ ಹಿಂಗ್ ಓಡಾಕತ್ತಿ? ನಾಯಿ ಬೆನ್ನ್ ಹತ್ತೇತೇನ?"

ಮಕ್ಕಳೆಲ್ಲ ನಕ್ಕರು. ನಾನು ನಗಲಿಲ್ಲ. ಗಡ್ಡದವನನ್ನು ಹೂಂ ಎಲ್ಲಿ ಎಂದು ಕೇಳಿದೆ.

"ಲ್ಯಾಪ್‌ಟಾಪ್‌ನಲ್ಲಿ ಜಾಗ ಕಮ್ಮಿ ಅಜ್ಜಿ. ಫೈಲ್ ಚಿಕ್ಕದಾಗ್ಬೇಕಿತ್ತು. ಮಧ್ಯೆ ಸುಮ್ನೆ ಇದ್ದ ಜಾಗ, ನಾಯ್ಸ್, ಎಲ್ಲಾ ತೆಗೆದು ಕ್ಲೀನ್ ಮಾಡ್ದೆ."

"ಈ ಶಾಲೆಲಿ ಕ್ಲೀನ್ ಮಾಡೋಕೆ ನಾನಿದೀನಿ. ನಿನಗ್ಯಾರಪ್ಪ ಹೇಳಿದ್ದು? ಮಕ್ಕಳ ಬಾಯಿ ಕಸಾನಾ?"

"ಹಾಗಲ್ಲ ಅಜ್ಜಿ..."

"ಅಳಿಸು ಅದನ್ನ."

"ಅಳ್ಸೋಕಾಗಲ್ಲ. ಬೇರೆ ಶಾಲೆಗೂ ಹೋಗ್ಬಿಟ್ಟಿದೆ. ಕೆಂಗೇರಿ, ಶ್ರೀಗಂಧದ ಕಾವಲ್, ಎಲ್ಲಾ ಕಡೆ. ಖುಷಿ ಪಡಿ ಅಜ್ಜಿ, ನೀವು ಫೇಮಸ್ಸು."

ಹೆಡ್ ಮಿಸ್ "ಆಯಮ್ಮ, ಸಾಕು" ಎಂದರು. ಪೊರಕೆ ಕೈಯಲ್ಲೇ ಇತ್ತು. ಬೀಸಲಿಲ್ಲ. ಕೆಲಸ ಬೇಕಿತ್ತು, ಅದಕ್ಕೇ ಬೀಸಲಿಲ್ಲ, ಒಳ್ಳೆಯತನದಿಂದ ಅಲ್ಲ.

ಆಮೇಲೆ ಆಗಬೇಕಾದ್ದು ಆಯಿತು. ಪೆಟ್ಟಿಗೆಗಳ ಕೀಲಿಗಳಲ್ಲಿ ಅನ್ನದ ಅಗುಳು ಸೇರಿತು, ಬ್ಯಾಟರಿ ಸತ್ತಿತು, ಚಾರ್ಜರು ಕಿತ್ತುಹೋಯಿತು. ಗಡ್ಡದವನು ಬೇರೆ ಕೆಲಸಕ್ಕೆ ಹೋದನಂತೆ. ಹೀಗೇ ಕೆಲವು ವರ್ಷ ಕಳೆದು, ಒಂದು ಬೇಸಗೆ ರಜೆ ಮುಗಿಯುವ ಹೊತ್ತಿಗೆ ಎಲ್ಲವನ್ನೂ ಬೀರುವಿಗೆ ತುಂಬಿ ಬೀಗ ಹಾಕಿದರು. ಆ ಬೀರುವಿನ ಧೂಳು ಒರೆಸುವುದೂ ನನ್ನ ಪಾಲಿಗೇ ಬಂತು. ಶಾಲೆ ಶುರುವಾದ ಮೇಲೆ ಹೆಡ್ ಮಿಸ್ ಬಂದು, ಏನೂ ಆಗಿಲ್ಲವೆಂಬಂತೆ, "ಆಯಮ್ಮ, ಊಟ ಆದ್ಮೇಲೆ ಮಕ್ಕಳು ಗಲಾಟೆ ಮಾಡ್ತಾರೆ. ಒಂದು ಕಥೆ ಹೇಳಿ ಕೂರಿಸಿ" ಎಂದರು. ಹೋಗ್ರೀ ಎನ್ನಬೇಕೆನಿಸಿತು. ಆದರೆ ಜಗಲಿ ಅವರ ಅಪ್ಪನದಲ್ಲ ಎಂದುಕೊಂಡು ಹೋಗಿ ಕಂಬಕ್ಕೆ ಒರಗಿದೆ.

ಹಳೆಯ ಮಕ್ಕಳು ದೊಡ್ಡ ಶಾಲೆಗಳಿಗೆ ಹೋಗಿಯಾಗಿತ್ತು. ಎದುರಿಗಿದ್ದವರೆಲ್ಲ ಹೊಸಬರು. ಒಂದೂರಲ್ಲಿ ಒಂದು ನರಿ ಇತ್ತು ಎಂದು ನಿಲ್ಲಿಸಿದೆ. ಒಬ್ಬರ ಬಾಯಿಂದಲೂ ಹೂಂ ಬರಲಿಲ್ಲ. ಕೈ ಕಟ್ಟಿಕೊಂಡು, ಪೆಟ್ಟಿಗೆಯ ಮುಂದೆ ಕೂತವರ ಹಾಗೇ ಕೂತಿದ್ದರು.

"ಹೂಂ ಅನ್ರೋ ಮೂದೇವಿಗಳಾ!"

ಅಂದರು. ಬೈಸಿಕೊಂಡವರ ಹೂಂ, ಆದರೂ ಹೂಂ. ನರಿ ಪಂಚೆ ಉಟ್ಟು ಹೊರಟಿತು. "ಬಾಲ ಎಲ್ಲಿಟ್ಕೊಂತು?" ಎಂದು ಕೇಳಿದೆ. ಮುಂದೆ ಕೂತಿದ್ದ ಒಂದು ಹುಡುಗಿ ಎದ್ದು ನಿಂತಳು. ಅದೇ ವರ್ಷ ಶ್ರೀಗಂಧದ ಕಾವಲ್ ಕಡೆಯ ಶಾಲೆಯಿಂದ ಬಂದು ಸೇರಿದವಳು.

"ಅಜ್ಜಿ, ತಪ್ಪು ಹೇಳ್ತಿದೀರ. ಅಲ್ಲಿ ನಿಲ್ಲಿಸ್ಬಾರ್ದು. ಬಾಲ ಎಲ್ಲಿಟ್ಕೊಂತು, ಅತ್ತೆ ಒಬ್ಬಟ್ಟು ಬಡಿಸಿದ್ಲು. ಹಾಗೇ ಒಟ್ಟಿಗೆ."

"ಯಾರು ಹೇಳ್ಕೊಟ್ಟಿದ್ದು?"

"ನಮ್ಮ ಹಳೇ ಸ್ಕೂಲಲ್ಲಿ ಲ್ಯಾಪ್‌ಟಾಪ್‌ನಲ್ಲಿತ್ತು. ಲೈಬ್ರರಿದು."

"ಅದ್ರಲ್ಲಿ ಹೇಳಿರೋದು ನಾನೇ ಕಣೇ!"

ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ನೀವಲ್ಲ. ಅದು ಬೇರೆ ಅಜ್ಜಿ. ಆ ಅಜ್ಜಿ ಫಾಸ್ಟಾಗಿ ಹೇಳ್ತಾರೆ."

ನನ್ನ ಬಾಯಿಗೆ ಬಂದ ಬೈಗುಳ ಇಲ್ಲಿ ಬರೆಯುವಂಥದ್ದಲ್ಲ. ಅದು ಆ ಮಗುವಿಗೆ ಸಲ್ಲಬೇಕಾದ್ದೂ ಅಲ್ಲ, ಅದಕ್ಕೇ ನುಂಗಿಕೊಂಡೆ.

"ಸರಿ. ಆ ಅಜ್ಜಿ ಹೇಳಿದ್ಲಲ್ಲ, ನರಿ ಬಾಲ ಎಲ್ಲಿತ್ತು ಅಂತ ಹೇಳಿದ್ಲಾ?"

"ಇಲ್ಲ."

"ಎಣ್ಣೆಸ್ನಾನಕ್ಕೆ ಕರೆದ್ರೆ ನರಿ ಯಾಕೆ ಓಡೋಯ್ತು?"

ಹುಡುಗಿ ಪಕ್ಕದವಳ ಮುಖ ನೋಡಿದಳು. ಕೂತುಕೋ ಎಂದು ಕಥೆಯನ್ನು ಮತ್ತೆ ಮೊದಲಿಂದ ಶುರು ಮಾಡಿದೆ. ಎಲ್ಲರೂ ಹೂಂ ಅಂದರು, ಅವಳು ತುಟಿ ಬಿಗಿದುಕೊಂಡೇ ಇದ್ದಳು. ನರಿ ಪಂಚೆ ಉಟ್ಟಿತು, ರುಮಾಲು ಸುತ್ತಿತು, ಅತ್ತೆ ಮನೆ ಬಾಗಿಲಿಗೆ ಬಂತು.

"ಬಾಲ ಎಲ್ಲಿಟ್ಕೊಂತು?"

ಅವಳನ್ನೇ ನೋಡುತ್ತಾ ನಿಲ್ಲಿಸಿದೆ. ಗಂಟೆ ಹೊಡೆಯುವ ಹೊತ್ತಾಗಿತ್ತು. ಹೊಡೆಯಬೇಕಾದವಳು ನಾನೇ, ಏಳಲಿಲ್ಲ. ಹೆಡ್ ಮಿಸ್ ಬಾಗಿಲಿಗೆ ಬಂದು ಗಡಿಯಾರ ತೋರಿಸಿದರು. ಆಗಲೂ ಏಳಲಿಲ್ಲ.

"ಪಂಚೆಯೊಳಗಾ?" ಎಂದಳು ಹುಡುಗಿ, ನನ್ನನ್ನು ನಂಬದವಳ ಹಾಗೆ.

ಆಮೇಲೇ ನಾನು ಅತ್ತೆಯ ಕೈಯಿಂದ ಒಬ್ಬಟ್ಟು ಬಡಿಸಿದ್ದು.