ಸಿಮ್ಮಕ್ಕನ ನಂಬರು

ಸಿಮ್ಮಕ್ಕನಿಗೆ ಹುಟ್ಟಿದಾಗ ಇಟ್ಟ ಹೆಸರು ಅವಳ ಗಂಡನಿಗೂ ಥಟ್ಟನೆ ನೆನಪಾಗುವುದಿಲ್ಲ ಎಂದು ಓಣಿಯವರು ತಮಾಷೆ ಮಾಡುತ್ತಾರೆ. ಹತ್ತೊಂಬತ್ತು ವರ್ಷದ ಹಿಂದೆ, ಔಷಧಿ ಅಂಗಡಿಯ ಪಕ್ಕದ ಕೋಣೆಯಲ್ಲಿ ಮೊಬೈಲ್ ಕಂಪನಿಯೊಂದು ಕಚೇರಿ ತೆರೆದಾಗ ಕೌಂಟರಿನ ಹಿಂದೆ ಸಿಮ್ ಮಾರಲು ಕುಳಿತವಳು ಅವಳು. ಆ ಕಂಪನಿ ಕಣ್ಣು ಮುಚ್ಚುವಾಗಲೂ ಅದೇ ಕುರ್ಚಿಯಲ್ಲಿ ಇದ್ದವಳು ಅವಳೇ.

ಕಂಪನಿಯ ಕಥೆ ತಿಳಿಯಲು ಬೋರ್ಡು ನೋಡಿದ್ದರೆ ಸಾಕಿತ್ತು. ಮೊದಲು ಹಳದಿ ಬೋರ್ಡು. ಆಗ ಸಿಮ್ ಕೊಳ್ಳಲು ಜನ ಬೆಳಿಗ್ಗೆಯೇ ಬಂದು ಚಪ್ಪಲಿ ಸಾಲಿಟ್ಟು ಜಾಗ ಹಿಡಿಯುತ್ತಿದ್ದರು. ಸಿಕ್ಕವರು ಬೀದಿಯ ಆಚೆ ಬದಿಗೆ ಹೋಗಿ, ಈಚೆ ಬದಿಯವರಿಗೆ ಫೋನ್ ಮಾಡಿ, "ಕೇಳಿಸ್ತಿದೆಯಾ?" ಎಂದು ಗಂಟಲು ಹರಿದುಕೊಳ್ಳುತ್ತಿದ್ದರು. ಕೇಳಿಸದೆ ಏನು? ಫೋನಿಲ್ಲದೆಯೂ ಕೇಳಿಸುತ್ತಿತ್ತು! ಆಮೇಲೆ ಇನ್ನೊಬ್ಬರು ಕಂಪನಿಯನ್ನು ಕೊಂಡರು, ಬೋರ್ಡು ಕೆಂಪಾಯಿತು. ಅವರನ್ನೂ ಮತ್ತೊಬ್ಬರು ನುಂಗಿದರು, ನೀಲಿಯಾಯಿತು. ದೊಡ್ಡ ದೊಡ್ಡವರು ನಾ ಮುಂದು ತಾ ಮುಂದು ಎಂದು ದರ ಇಳಿಸತೊಡಗಿದ ಮೇಲೆ ನೀಲಿ ಬೋರ್ಡಿನವರಿಗೆ ಏದುಸಿರು ಬಂತು. ಹೊಸ ಟವರ್ ಏಳಲಿಲ್ಲ, ಹಳೆಯದಕ್ಕೆ ರಿಪೇರಿ ಇಲ್ಲ. ಮ್ಯಾನೇಜರು ಬೇರೆ ಕೆಲಸ ಹುಡುಕಿಕೊಂಡು, ಕೀಲಿಗೊಂಚಲನ್ನು ಸಿಮ್ಮಕ್ಕನ ಮೇಜಿನ ಮೇಲಿಟ್ಟು ಜಾಗ ಖಾಲಿ ಮಾಡಿದರು. ಬದಲಾಗದೆ ಉಳಿದದ್ದು ಎರಡೇ: ಕಾಲಿಗೆ ತಂತಿ ಸುತ್ತಿದ ಅವಳ ಕುರ್ಚಿ, ಮತ್ತು ಅವಳ ನಂಬರು.

ಆ ನಂಬರೆಂದರೆ ಸಾಮಾನ್ಯವಲ್ಲ. ಔಷಧಿ ಅಂಗಡಿಯ ಗೋಡೆ ಮೇಲೆ, ಶಾಲೆಯ ನೋಟಿಸ್ ಬೋರ್ಡಿನ ಮೂಲೆಯಲ್ಲಿ, ಅಜ್ಜಿಯರ ಕನ್ನಡಕದ ಡಬ್ಬಿಯೊಳಗಿನ ಚೀಟಿಯಲ್ಲಿ ಅದು ಇತ್ತು. ಫೋನು ಕೈಕೊಟ್ಟರೆ, ಅದು ಯಾವ ಕಂಪನಿಯದೇ ಆಗಲಿ, ಊರು ಕರೆಯುತ್ತಿದ್ದದ್ದು ಅವಳನ್ನು. ಕೆಲಸ ಹೋಗುವುದು ಖಚಿತವಾದಾಗ ಸಿಮ್ಮಕ್ಕ ಅಳುತ್ತ ಕೂರಲಿಲ್ಲ. ನಾದಿನಿಯ ಹೊಲಿಗೆ ಅಂಗಡಿಯ ಮೂಲೆಯಲ್ಲಿ ಒಂದು ಮೇಜು ಹಾಕಿ, ಫೋನ್ ರಿಪೇರಿಯ ಸ್ವಂತ ಕೆಲಸ ಶುರು ಮಾಡುವುದೆಂದು ತೀರ್ಮಾನಿಸಿದಳು. ಅವಳಿಗಿದ್ದ ಬಂಡವಾಳವೆಂದರೆ ಆ ನಂಬರೊಂದೇ.

ಮುಚ್ಚುವ ಸುದ್ದಿ ಬಂತು. ತಿಂಗಳ ಕೊನೆಯ ದಿನ ಸಂಜೆ ಐದಕ್ಕೆ ಟವರುಗಳು ಬಂದ್. ಅಷ್ಟರೊಳಗೆ ಪ್ರತಿಯೊಬ್ಬರೂ ತಮ್ಮ ಫೋನಿನಿಂದ ಒಂದು ಸಂದೇಶ ಕಳಿಸಿ ಕೋಡು ಪಡೆಯಬೇಕು, ಆಮೇಲೆ ಅದನ್ನು ಬೇರೆ ಕಂಪನಿಗೆ ಕೊಟ್ಟರೆ ನಂಬರು ಉಳಿಯುತ್ತದೆ. ಇಲ್ಲವಾದರೆ ನಂಬರು ಗೋವಿಂದ! ಸಿಮ್ಮಕ್ಕ ಗ್ರಾಹಕರ ಪಟ್ಟಿ ತೆಗೆದಳು. ಮುನ್ನೂರ ನಲವತ್ತಾರು ಹೆಸರು. ಕಾಲಿಗೆ ಚಕ್ರ ಕಟ್ಟಿಕೊಂಡು ಮನೆಮನೆಗೆ ಹೋದಳು, ಕೈಲಾಗದವರ ಫೋನು ತಾನೇ ಒತ್ತಿದಳು, "ನಾಳೆ ನೋಡೋಣ" ಎಂದವರನ್ನು ಚೆನ್ನಾಗಿ ಬೈದಳು. ಆದಂತೆಲ್ಲ ಕೆಂಪು ಪೆನ್ಸಿಲಿನಿಂದ ಒಂದೊಂದು ಗೆರೆ.

ಕೊನೆಯ ದಿನ ಮಧ್ಯಾಹ್ನ ನಾಲ್ಕಕ್ಕೆ ಉಳಿದವರು ಒಬ್ಬರೇ, ಗಡಿಯಾರ ರಿಪೇರಿಯ ಅಜ್ಜ. ಜಗತ್ತಿಗೆಲ್ಲ ಸಮಯ ಸರಿ ಮಾಡಿಕೊಡುವ ಈ ಅಜ್ಜ ತಾವು ಮಾತ್ರ ಯಾವತ್ತೂ ಹೊತ್ತಿಗೆ ಸರಿಯಾಗಿ ಬಂದವರಲ್ಲ. ಕೊನೆಗೂ ಕಚೇರಿಗೆ ಬಂದರು, ಅವರ ಕೋಡೂ ಬಂತು. ಮುನ್ನೂರ ನಲವತ್ತಾರನೆಯ ಗೆರೆ ಬಿತ್ತು.

"ಉಸ್ಸಪ್ಪಾ, ಮುಗೀತು!" ಎಂದಳು ಸಿಮ್ಮಕ್ಕ.

"ನಿಂದು ಯಾವಾಗ ಮಾಡಿಸ್ಕೊಂಡೆ ಮಗಳೇ?" ಅಜ್ಜ ಸುಮ್ಮನೆ ಕೇಳಿದರು.

ಸಿಮ್ಮಕ್ಕ ಪಟ್ಟಿಯನ್ನು ಮತ್ತೆ ಮೇಲಿಂದ ಕೆಳಗೆ ನೋಡಿದಳು. ಅವಳದು ಕಂಪನಿ ಕೊಟ್ಟ ನಂಬರು, ಕಂಪನಿಯ ಹೆಸರಿನಲ್ಲೇ ಇದ್ದ ನಂಬರು. ಅವಳು ಗ್ರಾಹಕಳಲ್ಲ, ಹಾಗಾಗಿ ಪಟ್ಟಿಯಲ್ಲಿ ಇರಲೇ ಇಲ್ಲ! ಊರಿಗೆಲ್ಲ ಬುದ್ಧಿ ಹೇಳಿದವಳು ಹಣೆ ಹಣೆ ಚಚ್ಚಿಕೊಂಡಳು. ಕಿಟಕಿಯ ಸರಳಿಗೆ ಫೋನು ಒತ್ತಿ ಹಿಡಿದರೆ ಮಾತ್ರ ಒಂದು ಕಡ್ಡಿ ಸಿಗ್ನಲ್. ಸಂದೇಶ ಕಳಿಸಿದಳು. ಕೋಡಿನ ಸುಳಿವೇ ಇಲ್ಲ. ಅಷ್ಟರಲ್ಲಿ ಇನ್ನೊಂದು ನೆನಪಾಯಿತು. ಕಂಪನಿಯ ಹೆಸರಿನ ನಂಬರಾದರೆ ಬರೀ ಕೋಡು ಸಾಲದು, ಕಂಪನಿಯ ಒಪ್ಪಿಗೆ ಪತ್ರವೂ ಬೇಕು. ಅಜ್ಜನ ಫೋನಿನಿಂದ ದೊಡ್ಡ ಕಚೇರಿಗೆ ಕರೆ ಮಾಡಿದಳು. ಎತ್ತಿದ ಅಧಿಕಾರಿ ಪೆಟ್ಟಿಗೆ ಕಟ್ಟುವ ಗಡಿಬಿಡಿಯಲ್ಲಿದ್ದರು.

"ಪತ್ರಕ್ಕೆ ನಿಮ್ಮ ಶಾಖೆಯ ಮುಖ್ಯಸ್ಥರು ಸಹಿ ಹಾಕ್ಬೇಕಮ್ಮ."

"ಅವರು ಬಿಟ್ಟು ಎಂಟು ತಿಂಗಳಾಯ್ತಲ್ಲ ಸಾರ್!"

"ಕೀಲಿ, ಸೀಲು ಎಲ್ಲಾ ಯಾರ ಹತ್ರ ಇದೆ?"

"ನನ್ನ ಹತ್ರ. ಇರೋದೇ ನಾನೊಬ್ಬಳು."

ಆ ಕಡೆ ಕಾಗದಗಳು ಸರಸರ ಎಂದವು. "ಇಲ್ಲೂ ನಿಮ್ಮ ಹೆಸರೇ ಇದೆ. ಎಂಟು ತಿಂಗಳಿಂದ ಮುಖ್ಯಸ್ಥರು ನೀವೇ ಕಣಮ್ಮ. ನಿಮಗೆ ಹೇಳಿರ್ಲಿಲ್ವಾ?"

ಹೇಳಿರಲಿಲ್ಲ! ಅಷ್ಟು ದಿನ ಕಸ ಗುಡಿಸಿ, ಬೀಗ ಹಾಕಿ, ಎಲ್ಲರ ಬೈಗುಳ ತಿಂದವಳಿಗೆ ಒಂದು ಮಾತು ಹೇಳಬಾರದಿತ್ತೇ? ಸಿಮ್ಮಕ್ಕನಿಗೆ ಮೈಯೆಲ್ಲ ಉರಿಯಿತು. ಆದರೆ ಉರಿದುಕೊಳ್ಳುವುದಕ್ಕೂ ಪುರುಸೊತ್ತಿರಲಿಲ್ಲ. ಕಂಪನಿಯ ಹಾಳೆ ಎಳೆದು ಬರೆದಳು. ಕೊಡುವವರು ಎಂಬಲ್ಲಿ ಸಹಿ ಹಾಕಿ ಸೀಲು ಒತ್ತಿದಳು. ಪಡೆಯುವವರು ಎಂಬಲ್ಲಿಯೂ ತಾನೇ ಸಹಿ ಹಾಕಿದಳು.

"ಮೇಡಂ ಒಳ್ಳೆಯವರು, ಕೇಳಿದ ತಕ್ಷಣ ಕೊಟ್ಟುಬಿಟ್ರು," ಎಂದರು ಅಜ್ಜ, ಕಿಟಕಿಯ ಬಳಿ ಅವಳ ಫೋನು ಹಿಡಿದುಕೊಂಡು. ಅಳು ಬರುತ್ತಿದ್ದರೂ ಅವಳಿಗೆ ನಗು ತಡೆಯಲಾಗಲಿಲ್ಲ.

ಐದಕ್ಕೆ ನಾಲ್ಕು ನಿಮಿಷವಿದ್ದಾಗ ಫೋನು ಟಿಣ್ ಎಂದಿತು. ಕೋಡು! ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಸರಿಯಾಗಿ ಐದಕ್ಕೆ ಆ ಒಂದು ಕಡ್ಡಿಯೂ ಮಾಯವಾಯಿತು. ಆಗ ಸಿಮ್ಮಕ್ಕ ನಿಜವಾಗಿಯೂ ಅತ್ತಳು. ಹತ್ತೊಂಬತ್ತು ವರ್ಷ ಅನ್ನ ಕೊಟ್ಟ ಜಾಗವಲ್ಲವೇ? ಅಜ್ಜ ತಂತಿ ಸುತ್ತಿದ ಕುರ್ಚಿಯನ್ನು ಹೊತ್ತು ಹೊಲಿಗೆ ಅಂಗಡಿಯತ್ತ ನಡೆದರು.

ಕೋಡು, ಪತ್ರ ಎರಡನ್ನೂ ಹೊಸ ಕಂಪನಿಗೆ ಕೊಟ್ಟ ಮೇಲೆ ನಂಬರು ಸಾಗಿ ಬರಲು ನಾಲ್ಕು ದಿನ ಹಿಡಿಯಿತು. ಆ ನಾಲ್ಕು ದಿನವೂ ಅವಳು ಹೊಸ ಮೇಜಿನ ಮುಂದೆ, ಹಳೆಯ ಕುರ್ಚಿಯಲ್ಲಿ, ಸತ್ತ ಫೋನನ್ನು ಎದುರಿಗಿಟ್ಟು ಕುಳಿತಳು. ಜನ ಮರೆತುಬಿಟ್ಟರೆ? ಇನ್ಯಾರನ್ನೋ ಹುಡುಕಿಕೊಂಡರೆ? "ಅತ್ತಿಗೆ, ನೀವು ಹಾಗೆ ದುರುಗುಟ್ಟಿ ನೋಡಿದ್ರೆ ಅದು ಹೆದರಿಕೊಂಡು ಬಾಯೇ ಬಿಡಲ್ಲ," ಎಂದು ನಾದಿನಿ ಕೀಟಲೆ ಮಾಡಿದಳು.

ಐದನೆಯ ದಿನ ಬೆಳಿಗ್ಗೆ ಹನ್ನೊಂದಕ್ಕೆ ಫೋನು ಹೊಡೆದುಕೊಂಡಿತು. ಹೊಲಿಗೆ ಮಿಷನ್ ನಿಂತಿತು. ಆ ಕಡೆ ಯಾರೋ ಅಜ್ಜಿ, ಕನ್ನಡಕದ ಡಬ್ಬಿ ಮುಚ್ಚಿದ ಸದ್ದೂ ಕೇಳಿಸಿತು.

"ಹಲೋ, ಕಂಪನಿನಾ?"

ಸಿಮ್ಮಕ್ಕ ಕುರ್ಚಿಯನ್ನು ಮೇಜಿನ ಹತ್ತಿರ ಎಳೆದುಕೊಂಡಳು.

"ಕಂಪನಿ ಮುಚ್ಚೋಯ್ತು ಅಜ್ಜಿ. ನಾನಿದೀನಿ, ಹೇಳಿ."