ಶಿಜುಯೆ ಕೈಲಾಗುವುದಿಲ್ಲ ಎಂದ ವರ್ಷ

ನಕಾನೊ ಮನೆತನಕ್ಕೆ ಶಿಜುಯೆ ಹಿರಿಸೊಸೆ. ಯುದ್ಧಕಾಲದಲ್ಲಿ ಜಪಾನೀ ಮೂಲದವರನ್ನು ಸರ್ಕಾರ ಕೂಡಿಹಾಕಿದ್ದ ಕ್ಯಾಂಪಿನಲ್ಲೇ ಅವಳ ಮದುವೆಯಾಯಿತು. ಬಿಡುಗಡೆಯಾಗಿ ಮೌಂಟನ್ ವ್ಯೂಗೆ ಮರಳಿ, ಗಂಡ ತಾದಾವೊ ಸೇವಂತಿಗೆ ಬೆಳೆಯತೊಡಗಿದ ಮೇಲೆ, ಜನವರಿ ಒಂದಕ್ಕೆ ಇಡೀ ಬಳಗ ಅವರ ಮನೆಗೇ ಬರುವುದು ರೂಢಿಯಾಯಿತು.

ಡಿಸೆಂಬರ್ ಕೊನೆಯ ವಾರವೆಲ್ಲ ಶಿಜುಯೆ ನಿಂತೇ ಇರುತ್ತಿದ್ದಳು. ಮನೆ ಒರೆಸಬೇಕು, ಬುದ್ಧನ ಗೂಡಿನಲ್ಲಿ ಮೋಚಿ ಎಂಬ ಅಕ್ಕಿಯುಂಡೆ ಇಡಬೇಕು, ಆರೋಗ್ಯಕ್ಕೆಂದು ಕಪ್ಪು ಕಾಳು, ಸಂತೋಷಕ್ಕೆಂದು ಕಡಲ ಪಾಚಿಯ ಸುರುಳಿ ಬೇಯಿಸಬೇಕು. ಹಬ್ಬದ ಮೂರು ದಿನ ಹೆಂಗಸರು ಆರಾಮವಾಗಿರಲೆಂದೇ ಇದನ್ನೆಲ್ಲ ಮೊದಲೇ ಮಾಡಿಡುವುದು ಎನ್ನುತ್ತಿದ್ದರು ಅತ್ತೆ. ಬಂದವರ ತಟ್ಟೆ ತೊಳೆಯುವುದರಲ್ಲೇ ಆ ಮೂರು ದಿನ ಮುಗಿಯುತ್ತಿದ್ದವು.

೧೯೮೫ರ ಅಕ್ಟೋಬರಿನಲ್ಲಿ ತಾದಾವೊ ತೀರಿಕೊಂಡ. ಸಾವಾದ ಮನೆಯಲ್ಲಿ ಆ ಸಲ ಹೊಸ ವರ್ಷದ ಆಚರಣೆಯಿಲ್ಲ. ಯಾರೂ ಬರಲಿಲ್ಲ. ಪಕ್ಕದ ಮನೆಯ ಮೈಸೂರಿನ ಜಲಜಾ ಮಾತ್ರ ಕಾಫಿ ತಂದಳು.

“ನಮ್ಮಲ್ಲೂ ಅಷ್ಟೇ, ಒಂದು ವರ್ಷ ಹಬ್ಬ ಮಾಡಲ್ಲ,” ಎಂದಳು.

“ಒಂಬತ್ತು ಗಂಟೆವರೆಗೆ ಮಲಗಿದ್ದೆ ಕಣೆ. ಅವರು ಹೋದ ದುಃಖ ಇದೆ. ಆದ್ರೂ ಹಾಯಾಗಿತ್ತು.” ಶಿಜುಯೆ ತಲೆ ತಗ್ಗಿಸಿದಳು. “ಯಾರಿಗೂ ಹೇಳಬೇಡ.”

ಮುಂದಿನ ಡಿಸೆಂಬರಿನಲ್ಲಿ ಫಾಸ್ಟರ್ ಸಿಟಿಯಿಂದ ನಾದಿನಿ ಫುಮಿಕೊ ಫೋನ್ ಮಾಡಿದಳು. “ಸೂತಕ ಕಳೀತಲ್ಲ ಅತ್ತಿಗೆ, ಈ ಸಲ ನಿಮ್ಮನೇಲೇ ತಾನೇ?”

“ಇಲ್ಲಮ್ಮ. ನನ್ನ ಕೈಲಾಗಲ್ಲ.”

“ಅಣ್ಣ ಇದ್ದಿದ್ರೆ…”

“ಅವರಿದ್ದಾಗ್ಲೂ ಮಾಡ್ತಿದ್ದವಳು ನಾನೇ, ಫುಮಿಕೊ.”

ಹಾಗಾದರೆ ತಾನೇ ಮಾಡುತ್ತೇನೆಂದು ಬಿಗಿಯಾಗಿ ಹೇಳಿ ಫುಮಿಕೊ ಫೋನಿಟ್ಟಳು.

ಹೊಸ ವರ್ಷದ ದಿನ ಶಿಜುಯೆ ಅವಳ ಮನೆಗೆ ಅತಿಥಿಯಾಗಿ ಹೋದಳು. ಮೋಚಿ ಹಾಕಿದ ಬಿಸಿ ಸಾರನ್ನು ಕೂತು ಕುಡಿದಳು. ಉಪ್ಪು ಜಾಸ್ತಿಯಾಗಿತ್ತು. ಸುತ್ತ ನಗು, ಟೀವಿಯಲ್ಲಿ ಫುಟ್‌ಬಾಲ್. ಎಷ್ಟು ಹೊತ್ತು ಕೂತರೂ ಸೊಂಟದ ದಣಿವು ಇಳಿಯಲಿಲ್ಲ. ಒಂದು ದಿನಕ್ಕೆ ಇಳಿಯುವಂಥದ್ದೂ ಅಲ್ಲ ಅದು. ನೀರು ಕುಡಿಯಲು ಅಡಿಗೆಮನೆಗೆ ಹೋದರೆ, ಫುಮಿಕೊ ಫ್ರಿಜ್ಜಿಗೆ ಒರಗಿ ಕಣ್ಣು ಮುಚ್ಚಿ ನಿಂತಿದ್ದಳು.

“ಇಷ್ಟು ವರ್ಷ ಹೇಗೆ ಮಾಡಿದ್ರಿ ಅತ್ತಿಗೆ?”

“ಗೊತ್ತಿಲ್ಲ. ಯಾರೂ ಕೇಳಿರ್ಲಿಲ್ಲ.”

ಶಿಜುಯೆ ಎರಡು ಕುರ್ಚಿ ಎಳೆದಳು. ಇಬ್ಬರೂ ಕೂತರು. ನಡುಮನೆಯಿಂದ ಯಾರೋ ಇನ್ನಷ್ಟು ಸಾರು ಕೇಳಿದರು. ಫುಮಿಕೊ ಏಳಹೋದಳು, ಶಿಜುಯೆ ಅವಳ ಮೊಣಕೈ ಹಿಡಿದು, ಕೂತಲ್ಲಿಂದಲೇ ಕೂಗಿದಳು.

“ಒಲೆ ಮೇಲಿದೆ, ಬಂದು ಬಡಿಸ್ಕೊಳ್ಳಿ!”

ಆಮೇಲಿನ ವರ್ಷಗಳಲ್ಲಿ ಒಂದೊಂದು ಮನೆಯವರು ಒಂದೊಂದು ಅಡಿಗೆ ತರತೊಡಗಿದರು. ಶಿಜುಯೆ ತರುತ್ತಿದ್ದುದು ಒಂದು ಚೀಲ ಕಿತ್ತಳೆ ಹಣ್ಣು, ಅಷ್ಟೇ.