ಬಿಸಿಲಿಗಿಟ್ಟ ಬಾಟಲಿ

ಗಾಂಜಾ ಗಿಡದ ಬೀಜದಿಂದ ತಿನ್ನುವ ಎಣ್ಣೆ ತೆಗೆದು ಮಾರಬಹುದು, ಅದರಲ್ಲಿ ಅಮಲಿಲ್ಲ, ಕಾನೂನಿನ ಅಡ್ಡಿಯೂ ಇಲ್ಲ ಎಂದು ನಮ್ಮ ಮನೆಯಲ್ಲಿ ಮೊದಲು ಹೇಳಿದವಳು ನಾನು. ಯಾರೂ ಕೇಳದಿದ್ದರೂ ಇದನ್ನು ಈಗಲೂ ಹೇಳಿಕೊಳ್ಳಬೇಕೆನಿಸುತ್ತದೆ.

ಶಿಕಾರಿಪುರದ ಹೈಸ್ಕೂಲೊಂದರಲ್ಲಿ ಇಪ್ಪತ್ತು ವರ್ಷ ವಿಜ್ಞಾನ ಕಲಿಸಿದ್ದೆ. ಕೆಲಸ ಬಿಟ್ಟ ಮೇಲೆ ಎರಡು ದಿನದ ತರಬೇತಿ ಮುಗಿಸಿ, ಪರವಾನಗಿ ಮಾಡಿಸಿ, ಮನೆಯ ಮುಂದಿನ ಕೋಣೆಯಲ್ಲಿ ಎಣ್ಣೆ ತೆಗೆಯುವ ಯಂತ್ರ ಕೂರಿಸಿದೆ. ಬೀಜ ಉತ್ತರಾಖಂಡದಿಂದ ಬಂತು. ಪೂಜೆಯ ದಿನ ಸೊರಬದ ಕಡೆಯ ಹೊಸಬಾಳೆಯಿಂದ ನನ್ನ ಓರಗಿತ್ತಿ, ಅಂದರೆ ಮೈದುನನ ಹೆಂಡತಿ, ಬಂದಿದ್ದಳು. ಎಸ್ಸೆಸ್ಸೆಲ್ಸಿ ದಾಟದವಳು. ಶಿವಮೊಗ್ಗದ ಔಷಧಿ ಕಾರ್ಖಾನೆಯೊಂದರ ಎಣ್ಣೆ ವಿಭಾಗದಲ್ಲಿ ಹದಿನಾಲ್ಕು ವರ್ಷ ದುಡಿದು ಊರಿಗೆ ಮರಳಿದ್ದಳು. ಕುಂಕುಮ ಇಟ್ಟುಕೊಂಡವಳೇ ಚೀಲದ ಹತ್ತಿರ ಹೋಗಿ ನಾಲ್ಕು ಬೀಜ ಬಾಯಿಗೆ ಹಾಕಿಕೊಂಡು ಕಚ್ಚಿದಳು.

“ಅಕ್ಕಾ, ಈ ಚೀಲ ಬ್ಯಾಡ. ಬೀಜ ಹಳೇದು.”

“ಲ್ಯಾಬಿನ ರಿಪೋರ್ಟ್ ಐತಿ ಕಣೇ.”

“ಆ ರಿಪೋರ್ಟು ಯಾವ ಚೀಲದ್ದು?”

ಬಂದ ನೆಂಟರೆಲ್ಲ ನಮ್ಮಿಬ್ಬರನ್ನೇ ನೋಡುತ್ತಿದ್ದರು. ನಾನು ಯಂತ್ರದ ಗುಂಡಿ ಒತ್ತಿದೆ. ಎಣ್ಣೆಯನ್ನು ಬಿಳಿ ಗಾಜಿನ ಬಾಟಲಿಗಳಲ್ಲಿ ತುಂಬಿಸಿ, ಹಸಿರು ಬಣ್ಣ ಚೆಂದ ಕಾಣಲೆಂದು ಕಿಟಕಿಯ ಬಳಿ ಸಾಲಾಗಿ ಇಟ್ಟು, ಅಲ್ಲಿಂದಲೇ ಅಂಗಡಿಗಳಿಗೆ ಕಳಿಸಿದೆ. ತಿಂಗಳು ತುಂಬುವಷ್ಟರಲ್ಲಿ ಅಂಗಡಿಯವರು ಪೆಟ್ಟಿಗೆಗಟ್ಟಲೆ ವಾಪಸು ತಂದರು. “ಮೇಡಂ, ಕಮಟು ಹೊಡೀತೈತ್ರೀ.”

ಅದೇ ಹೊತ್ತಿಗೆ ಓರಗಿತ್ತಿ ಫೋನ್ ಮಾಡಿ, “ಅಕ್ಕಾ, ನೀವು ಬೇಜಾರು ಮಾಡ್ಕಳದಿದ್ರೆ ನಾನೂ ಶುರು ಮಾಡ್ಲಾ?” ಎಂದಳು. ಧಾರಾಳವಾಗಿ ಒಪ್ಪಿದೆ. ನನ್ನಿಂದಾಗದ್ದು ಇವಳಿಂದೇನಾದೀತು ಎಂಬ ಧೈರ್ಯ.

ಆರು ತಿಂಗಳಲ್ಲಿ ನನ್ನ ಗಿರಾಕಿಗಳೆಲ್ಲ ಅವಳ ಪಾಲಾದರು. ಮನೆಗೆ ಬಂದ ನೆಂಟರೂ ಅವಳ ಎಣ್ಣೆಯನ್ನೇ ಹೊಗಳುವರು. ನಾನು ನಗುತ್ತಾ ಕಾಫಿ ಕೊಟ್ಟು ಒಳಗೆ ಹೋಗಿ ಪಾತ್ರೆ ಕುಕ್ಕುತ್ತಿದ್ದೆ. ಕಡೆಗೆ ಪಕ್ಕದ ಮನೆಯಾಕೆಯಿಂದ ಅವಳದೊಂದು ಬಾಟಲಿ ತರಿಸಿದೆ. ಕಮಟಾಗಿರಲಿ ದೇವರೇ ಎಂದುಕೊಂಡು ಮುಚ್ಚಳ ತೆಗೆದೆ. ಹಸಿ ಕಾಯಿಯ ಹಾಗೆ ಘಮ್ಮೆಂದಿತು.

ಆಮೇಲೆ ನಾನು ಮಾಡಿದ್ದನ್ನು ಯಾರಿಗೂ ಹೇಳಿಲ್ಲ. ಮುಚ್ಚಳ ಸಡಿಲಿಸಿ ಆ ಬಾಟಲಿಯನ್ನು ಹದಿನೈದು ದಿನ ತಾರಸಿಯ ಬಿಸಿಲಿಗಿಟ್ಟೆ. ಕೆಟ್ಟ ಮೇಲೆ, “ಇದು ಕಮಟಾಗೈತ್ರೀ, ವಾಪಸು ಕೊಡ್ರಿ” ಎಂದು ಪಕ್ಕದಾಕೆಯ ಕೈಯಲ್ಲೇ ಕಳಿಸಿದೆ.

ಎರಡು ದಿನ ಬಿಟ್ಟು ಓರಗಿತ್ತಿ ನಮ್ಮ ಮನೆಗೇ ಬಂದಳು. ಚೀಲದಿಂದ ಎರಡು ಬಾಟಲಿ ತೆಗೆದು ಮೇಜಿನ ಮೇಲಿಟ್ಟಳು. ಒಂದು ನಾನು ಕೆಡಿಸಿದ್ದು. ಇನ್ನೊಂದು, ಅದನ್ನು ತುಂಬಿಸಿದ ದಿನವೇ ತುಂಬಿಸಿ, ದಿನಾಂಕ ಬರೆದು ಅವಳು ತನ್ನಲ್ಲೇ ಉಳಿಸಿಕೊಂಡಿದ್ದು. ಎರಡನ್ನೂ ನನ್ನ ಮೂಗಿಗೆ ಹಿಡಿದು, “ನೋಡಿ ಅಕ್ಕಾ, ತಪ್ಪು ಎಣ್ಣೇದಲ್ಲ. ಯಾರೋ ಬಿಸಿಲಿಗಿಟ್ಟಾರೆ. ಆದ್ರೂ ನಿಮ್ಮ ಪಕ್ಕದ್ಮನೆಯವ್ರಿಗೆ ಹೊಸದು ಕೊಟ್ಟೆ” ಎಂದಳು.

ನಾನು ಎರಡೂ ಬಾಟಲಿಗಳ ಮುಚ್ಚಳ ಬಿಗಿ ಮಾಡಿದೆ. “ಪ್ರತಿ ಸಲಾನೂ ಒಂದು ಬಾಟಲಿ ತೆಗೆದಿಡಬೇಕು ಅಂತ ಯಾರು ಹೇಳಿದ್ರೇ?” ಎಂದೆ.

“ಕಾರ್ಖಾನೆ ಸೇರಿದ ವರ್ಷ ಮಾಲು ವಾಪಸು ಬಂತು. ನಾನು ಸ್ಯಾಂಪಲ್ ಇಟ್ಟಿರ್ಲಿಲ್ಲ. ಎಲ್ಲರ ಎದುರು ಬೈಸ್ಕಂಡು ಅತ್ತಿದ್ದೆ. ಆವತ್ತು ಕಲ್ತಿದ್ದು.”

ತಪ್ಪುಗಳನ್ನೆಲ್ಲ ಅವಳು ಇನ್ನೊಬ್ಬರ ಕಾರ್ಖಾನೆಯಲ್ಲಿ, ಸಂಬಳ ತೆಗೆದುಕೊಂಡು ಮಾಡಿ ಮುಗಿಸಿದ್ದಳು. ನಾನು ಸ್ವಂತ ಕೋಣೆಯಲ್ಲಿ, ನೆಂಟರ ಕಣ್ಣೆದುರು ಮಾಡುತ್ತಿದ್ದೆ. ಅವಳು ಅತ್ತ ಆ ದಿನದ ಮೇಲೂ ನನಗೆ ಹೊಟ್ಟೆಕಿಚ್ಚಾಯಿತು.

ನಾನು ಎಣ್ಣೆ ತೆಗೆಯುವುದು ಬಿಟ್ಟೆ. ಈಗ ನನ್ನ ಯಂತ್ರ ಅವಳ ಶೆಡ್ಡಿನಲ್ಲಿದೆ. ವಾರಕ್ಕೆರಡು ದಿನ ಸೊರಬದ ಬಸ್ಸು ಹತ್ತಿ ಹೋಗಿ ಅವಳ ಕಾಗದಪತ್ರ ನೋಡಿಕೊಡುತ್ತೇನೆ. ಹೊಸ ಚೀಲ ಬಂದಾಗ ಅವಳು ನಾಲ್ಕು ಬೀಜ ನನಗೂ ಕೊಟ್ಟು, “ಕಚ್ಚಿ ಹೇಳಿ ಅಕ್ಕಾ” ಎನ್ನುತ್ತಾಳೆ. ಹತ್ತರಲ್ಲಿ ಆರು ಸಲ ಸರಿ ಹೇಳುತ್ತೇನೆ. ಉಳಿದ ನಾಲ್ಕು ಸಲ ಅವಳು ಮೆತ್ತಗೆ ತಿದ್ದುತ್ತಾಳೆ. ಆ ಮೆತ್ತಗಿನ ದನಿಯನ್ನು ನನಗೆ ಇವತ್ತಿಗೂ ಸಹಿಸಲಾಗದು.